‘ಶರಪಂಜರ’: ಮರಳಿ ಬಂದವಳ ಪ್ರಶ್ನೆ

ಗಂಡಹೆಂಡಿರ ನಡುವಣ ಬಿರುಕನ್ನು ವಸ್ತುವಾಗಿ ಉಳ್ಳ ಚಲನಚಿತ್ರಗಳು ಕನ್ನಡದಲ್ಲಿ ಅನೇಕ ಬಂದಿವೆ. ಅವುಗಳಲ್ಲಿ ಹೆಚ್ಚಿನವು ಬಿರುಕನ್ನು ತೋರಿಸುವುದು ಕೊನೆಯ ದೃಶ್ಯದಲ್ಲಿ ಅದನ್ನು ಬೆಸೆಯುವುದಕ್ಕಾಗಿ. ಪ್ರೇಕ್ಷಕನು ಕಣ್ಣೊರೆಸಿಕೊಂಡು ಸಮಾಧಾನದಿಂದ ಮನೆಗೆ ಹೋಗಬೇಕೆಂಬುದೇ ಅವುಗಳ ಉದ್ದೇಶ. ‘ಶರಪಂಜರ’ ಆ ಸಮಾಧಾನವನ್ನು ಕೊಡುವುದಿಲ್ಲ. ತ್ರಿವೇಣಿಯವರ ಅದೇ ಹೆಸರಿನ ಕಾದಂಬರಿಯನ್ನು ಆಧರಿಸಿ ಎಸ್.ಆರ್. ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಈ ಚಿತ್ರ 1971ರಲ್ಲಿ ತೆರೆಗೆ ಬಂದಿತು. ಅರ್ಧ ಶತಮಾನ ಕಳೆದರೂ ಅದರ ಮೇಲಿನ ಚರ್ಚೆ ನಿಂತಿಲ್ಲ. ಆ ಚರ್ಚೆಯನ್ನು ಒಮ್ಮೆ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನೀತಿವಿಚಾರಕ್ಕೆ ಮೀಸಲಾದ ಪತ್ರಿಕೆಯಲ್ಲಿ ಸಿನಿಮಾದ ಮಾತೇಕೆ ಎಂದು ಹಿರಿಯ ವಾಚಕರು ಆಕ್ಷೇಪಿಸಬಹುದು. ಅವರಲ್ಲಿ ನನ್ನ ಅರಿಕೆ ಇಷ್ಟೆ: ನಮ್ಮ ಪೂರ್ವಕವಿಗಳು ದಾಂಪತ್ಯದ ದೋಷವನ್ನು ಧರ್ಮವಿಚಾರದ ಹೊರಗೆ ಇಟ್ಟವರಲ್ಲ. ಜನ್ನ ಕವಿಯ ‘ಯಶೋಧರ ಚರಿತೆ’ಗೆ ಬೀಜವಾದದ್ದು ಒಂದು ರಾತ್ರಿಯ ಶಯ್ಯಾಗೃಹದ ಸಂಗತಿಯೇ ಆಗಿದೆ. ಕಾವ್ಯಕ್ಕೆ ಸಲ್ಲುವ ವಿಷಯ ಚಿತ್ರಕ್ಕೂ ಸಲ್ಲಬೇಕು. ಇನ್ನು ನನ್ನ ಅಧಿಕಾರದ ವಿಷಯ. ನಾನು ಓದಿದ್ದು ಬಿ.ಕಾಂ., ಮಾಡಿದ್ದು ಬಂಗೂರನಗರದಲ್ಲಿ ಅಂಗಡಿ ವ್ಯಾಪಾರ. ಚಿತ್ರಕಲೆಯ ತಾಂತ್ರಿಕ ವಿಚಾರದಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ. ಆದರೆ ಜಮೆ ಯಾರ ಹೆಸರಿಗೆ ಬರೆದಿದೆ, ಖರ್ಚು ಯಾರ ಹೆಸರಿಗೆ ಬಿದ್ದಿದೆ ಎಂಬುದನ್ನು ನೋಡುವ ಅಭ್ಯಾಸ ನಲವತ್ತು ವರ್ಷಗಳಿಂದ ಇದೆ. ಈ ಚಿತ್ರವನ್ನೂ ಅದರ ವಿಮರ್ಶೆಯನ್ನೂ ನಾನು ನೋಡುವುದು ಆ ಕಣ್ಣಿನಿಂದಲೇ.

ಕಥೆಯ ಸಾರ

ಕಥೆ ಬಹುಮಂದಿಗೆ ತಿಳಿದದ್ದೇ. ಕಾವೇರಿ ಮತ್ತು ಸತೀಶ ಪರಸ್ಪರ ಮೆಚ್ಚಿ ಹಿರಿಯರ ಒಪ್ಪಿಗೆಯಿಂದ ಮದುವೆಯಾಗುತ್ತಾರೆ. ಸುಖದ ಸಂಸಾರ. ಎರಡನೆಯ ಹೆರಿಗೆಯ ನಂತರ ಕಾವೇರಿಯ ಮನಸ್ಸು ಕದಡುತ್ತದೆ. ವಿವಾಹಕ್ಕೆ ಮುಂಚಿನ, ಕಾಲೇಜಿನ ದಿನಗಳ ಒಂದು ಪ್ರಸಂಗ ಆ ಅಸ್ವಸ್ಥತೆಯಲ್ಲಿ ಹೊರಬೀಳುತ್ತದೆ. ಆಕೆಯನ್ನು ಮಾನಸಿಕ ಆಸ್ಪತ್ರೆಗೆ ಸೇರಿಸುತ್ತಾರೆ. ಚಿಕಿತ್ಸೆ ಫಲಿಸಿ ಆಕೆ ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ಆದರೆ ಮನೆ ಆಕೆಗಾಗಿ ಕಾದಿರುವುದಿಲ್ಲ. ಬಂದುಹೋಗುವವರ ನೋಟದಲ್ಲಿ ಅಂಜಿಕೆ, ನೆರೆಹೊರೆಯಲ್ಲಿ ಪಿಸುಮಾತು, ಪತಿಯ ನಡತೆಯಲ್ಲಿ ಔದಾಸೀನ್ಯ. ಕಡೆಗೆ ಪತಿಗೆ ತನ್ನ ಸಹೋದ್ಯೋಗಿಯೊಡನೆ ಸಂಬಂಧವಿದೆಯೆಂಬುದು ತಿಳಿದಾಗ ಕಾವೇರಿಯ ಮನಸ್ಸು ಎರಡನೆಯ ಬಾರಿ ಮುರಿಯುತ್ತದೆ. ಕಲ್ಪನಾ ಕಾವೇರಿಯಾಗಿಯೂ ಗಂಗಾಧರ ಸತೀಶನಾಗಿಯೂ ನಟಿಸಿದ್ದಾರೆ. ವಿಜಯಭಾಸ್ಕರ್ ಸಂಗೀತ ನೀಡಿದ್ದಾರೆ.

ಕಾದಂಬರಿಕಾರ್ತಿಯ ವಿಷಯದಲ್ಲಿ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ತ್ರಿವೇಣಿಯವರು (1928–1963) ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿ ಅದನ್ನು ಕನ್ನಡ ಕಾದಂಬರಿಯ ಒಳಗೆ ತಂದವರು. ಹೆರಿಗೆಯಾದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಪುಟ್ಟಣ್ಣನವರು ಅವರ ‘ಬೆಳ್ಳಿಮೋಡ’ವನ್ನು ಚಿತ್ರವಾಗಿಸಿದ್ದನ್ನಾಗಲಿ ‘ಶರಪಂಜರ’ವನ್ನಾಗಲಿ ನೋಡುವ ಭಾಗ್ಯ ಅವರಿಗೆ ಇರಲಿಲ್ಲ. ಬಾಣಂತಿಯ ಮನಸ್ಸಿನ ಕಥೆಯನ್ನು ಬರೆದ ಲೇಖಕಿಗೆ ಬಾಣಂತನವೇ ಪೂರ್ತಿಯಾಗಲಿಲ್ಲ ಎಂಬ ಸಂಗತಿಯನ್ನು ನೆನೆದಾಗ ಮನಸ್ಸು ಭಾರವಾಗುತ್ತದೆ.

ನಾಲ್ಕು ಬಗೆಯ ಅಭಿಪ್ರಾಯಗಳು

ಈ ಚಿತ್ರದ ಬಗೆಗೆ ನಾನು ಓದಿದ, ಕೇಳಿದ ಅಭಿಪ್ರಾಯಗಳನ್ನು ನಾಲ್ಕು ಗುಂಪಾಗಿ ವಿಂಗಡಿಸಬಹುದು.

ಮೊದಲನೆಯದು ಮನೆಮಂದಿಯ ಅಭಿಪ್ರಾಯ. ಚಿತ್ರವನ್ನು ಗೆಲ್ಲಿಸಿದವರು ಇವರೇ, ಅದರಲ್ಲಿಯೂ ಗೃಹಿಣಿಯರು. ಚಿತ್ರ ನಮ್ಮ ಕಡೆಗೆ ಬಂದಾಗ ನಾನಿನ್ನೂ ಶಾಲಾಬಾಲಕ. ತಾಯಿಯವರ ಮಗ್ಗುಲಲ್ಲಿ ಕುಳಿತು ನೋಡಿದೆ. ಸುತ್ತ ಕುಳಿತ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದುದು ಕಥೆಗಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿದಿದೆ. ಹೊರಗೆ ಬಂದ ಮೇಲೆ ತಾಯಿಯವರು ಹೇಳಿದ್ದು ಒಂದೇ ಮಾತು: “ಪಾಪ, ಆಕೀ ಕರ್ಮ.” ಮರುಕದ ಮಾತು ಅದು, ಅದಕ್ಕೆ ಹೆಸರಿಡಲಾರೆ. ಆದರೂ ಈ ವಯಸ್ಸಿನಲ್ಲಿ ಒಂದನ್ನು ಹೇಳಲೇಬೇಕಾಗಿದೆ. ಕರ್ಮಸಿದ್ಧಾಂತವು ತನ್ನ ನಡತೆಯನ್ನು ತಾನು ತೂಗಿ ನೋಡಲು ಕೊಟ್ಟ ತಕ್ಕಡಿ. ಪರರ ದುಃಖಕ್ಕೆ ಕಾರಣ ಹೇಳಿ ಕೈತೊಳೆದುಕೊಳ್ಳಲು ಕೊಟ್ಟ ನೀರಲ್ಲ. ‘ಆಕೆಯ ಕರ್ಮ’ ಎಂದೊಡನೆ ಆಕೆಯ ಗಂಡ, ಆಕೆಯ ನೆಂಟರು, ಆಕೆಯ ನೆರೆಯವರು ಎಲ್ಲರೂ ಲೆಕ್ಕದಿಂದ ಹೊರಗಾಗುತ್ತಾರೆ.

ಎರಡನೆಯದು ಕಲಾವಿಮರ್ಶಕರ ಅಭಿಪ್ರಾಯ. 1970ರಲ್ಲಿ ‘ಸಂಸ್ಕಾರ’ ಬಂದಿತ್ತು, ಅದರ ಬೆನ್ನಿಗೇ ‘ವಂಶವೃಕ್ಷ’ ಬಂದಿತು. ಕನ್ನಡದಲ್ಲಿ ಹೊಸ ಅಲೆಯ ಚಿತ್ರ ಆರಂಭವಾದ ಕಾಲ ಅದು. ಆ ಅಳತೆಗೋಲನ್ನು ಹಿಡಿದವರಿಗೆ ಪುಟ್ಟಣ್ಣನವರ ಚಿತ್ರ ಅತಿಭಾವುಕವಾಗಿ ಕಂಡಿತು: ಹಾಡುಗಳು ಹೆಚ್ಚು, ಸಂಕೇತಗಳು ಎದ್ದುಕಾಣುವಂಥವು, ಹಿನ್ನೆಲೆ ಸಂಗೀತ ಗಟ್ಟಿ, ಕಲ್ಪನಾ ಅವರ ಅಭಿನಯದಲ್ಲಿ ರಂಗಭೂಮಿಯ ಏರುದನಿ. ಇನ್ನು ಕೆಲವರು ಉದಾರವಾಗಿ, ಪುಟ್ಟಣ್ಣನವರು ವ್ಯಾಪಾರಿ ಚಿತ್ರಕ್ಕೂ ಕಲಾತ್ಮಕ ಚಿತ್ರಕ್ಕೂ ನಡುವಣ ಸೇತುವೆ ಎಂದರು. ಈ ಆಕ್ಷೇಪಣೆಯಲ್ಲಿ ಸತ್ಯವಿದೆ. ಮೊದಲರ್ಧದ ಕೊಡಗಿನ ಚೆಲುವು, ವಿಹಾರ, ಗೀತ ಎಲ್ಲವೂ ಅಗತ್ಯಕ್ಕಿಂತ ತುಸು ಉದ್ದವೇ. ಆದರೆ ಅದರ ಕಾರಣವನ್ನು ವಿಮರ್ಶಕರು ಗಮನಿಸಿದಂತೆ ಕಾಣುವುದಿಲ್ಲ. ಕಳೆದುಹೋದದ್ದರ ಬೆಲೆ ತಿಳಿಯಬೇಕಾದರೆ ಮೊದಲು ಅದನ್ನು ಕಣ್ಣಾರೆ ಕಾಣಬೇಕು. ದಂಪತಿಗಳ ಐಕ್ಯವನ್ನು ಹೇಳಲು ನಿರ್ದೇಶಕರು ಧಾರವಾಡದ ಬೇಂದ್ರೆಯವರ ಕವಿತೆಯೊಂದನ್ನೇ ಬಳಸಿಕೊಂಡಿದ್ದಾರೆ. ಅಷ್ಟು ಎತ್ತರದ ಮೇಲೆ ನಿಲ್ಲಿಸಿದ್ದರಿಂದಲೇ ಮುಂದಿನ ಪತನ ಅಷ್ಟು ಆಳವಾಗಿ ತೋರುತ್ತದೆ. ಏರುದನಿಯ ಮಾತೂ ಅಷ್ಟೆ. ಮಾತು ಯಾರ ಕಿವಿಗೂ ಬೀಳದಾದಾಗ ದನಿ ತಾನಾಗಿ ಏರುತ್ತದೆ.

ಕಲಾವಿಮರ್ಶೆಯ ನೆರಳಿನಲ್ಲಿಯೇ ಬೆಳೆದ ಇನ್ನೊಂದು ವಾಡಿಕೆಯಿದೆ. ಕಲ್ಪನಾ ಅವರು 1979ರಲ್ಲಿ ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಸಮೀಪ ಅಕಾಲಮರಣಕ್ಕೆ ತುತ್ತಾದರು. ಅಂದಿನಿಂದ ನಟಿಯ ಬದುಕನ್ನೂ ಕಾವೇರಿಯ ಪಾತ್ರವನ್ನೂ ಬೆರೆಸಿ ಮಾತನಾಡುವುದು ರೂಢಿಯಾಗಿದೆ. ಇದು ವಿಮರ್ಶೆಯಲ್ಲ. ಒಬ್ಬ ಹೆಣ್ಣುಮಗಳ ಶ್ರಮದ ಕಲೆಯನ್ನು ಆಕೆಯ ದುರ್ದೈವದ ಖಾತೆಗೆ ಬರೆದುಬಿಡುವ ಅನ್ಯಾಯ ಇದು. ಆಕೆ ಕಾವೇರಿಯನ್ನು ‘ಅನುಭವಿಸಿದರು’ ಎನ್ನುವವರು ಆಕೆ ಕಾವೇರಿಯನ್ನು ‘ನಟಿಸಿದರು’ ಎಂಬ ಸರಳ ಗೌರವವನ್ನು ಕಸಿದುಕೊಳ್ಳುತ್ತಾರೆ.

ಮೂರನೆಯದು ಸ್ತ್ರೀಪರ ಚಿಂತಕರ ಅಭಿಪ್ರಾಯ. ಪುಟ್ಟಣ್ಣನವರು ಹೆಣ್ಣನ್ನು ಕಥೆಯ ನಡುವೆ ನಿಲ್ಲಿಸುತ್ತಾರೆ ನಿಜ, ಆದರೆ ಗೆರೆ ದಾಟಿದವಳಿಗೆ ಅವರ ಚಿತ್ರದಲ್ಲಿ ಬದುಕಿಲ್ಲ ಎಂಬುದು ಇವರ ವಾದ. 1969ರ ‘ಗೆಜ್ಜೆಪೂಜೆ’ಯ ನಾಯಕಿ ಪ್ರಾಣ ಕಳೆದುಕೊಳ್ಳುತ್ತಾಳೆ. 1973ರ ‘ಎಡಕಲ್ಲು ಗುಡ್ಡದ ಮೇಲೆ’ ವಿವಾಹಿತೆಯ ಬಯಕೆಯನ್ನು ಧೈರ್ಯದಿಂದ ಎತ್ತಿಕೊಂಡರೂ ದುರಂತದಲ್ಲಿಯೇ ಮುಗಿಯುತ್ತದೆ. ‘ಶರಪಂಜರ’ದ ಕಾವೇರಿಗೆ ಬುದ್ಧಿಭ್ರಮಣೆ. ಎಲ್ಲರಿಗೂ ದಂಡನೆ ಉಂಟು, ಪುರುಷನಿಗೆ ಮಾತ್ರ ಇಲ್ಲ ಎನ್ನುತ್ತಾರೆ. ಈ ವಾದವನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಇಲ್ಲಿ ಒಂದು ತೊಡಕಿದೆ. ದೋಷವನ್ನು ‘ಸಮಾಜ’ದ ಮೇಲೆ ಹೊರಿಸಿದಾಗ ಆ ಸಮಾಜದ ಮುಖ ಯಾರಿಗೂ ಕಾಣುವುದಿಲ್ಲ. ಸಮಾಜ ಎಂಬ ಹೆಸರಿನ ಗಿರಾಕಿ ನನ್ನ ಅಂಗಡಿಗೆ ಎಂದೂ ಬಂದಿಲ್ಲ. ಬಂದವರೆಲ್ಲ ಹೆಸರುಳ್ಳ, ಮನೆಯುಳ್ಳ ಮನುಷ್ಯರೇ.

ನಾಲ್ಕನೆಯದು ವೈದ್ಯಕೀಯ ದೃಷ್ಟಿಯ ಅಭಿಪ್ರಾಯ, ಇತ್ತೀಚಿನ ದಶಕಗಳಲ್ಲಿ ಪ್ರಬಲವಾಗಿರುವುದು. ಪ್ರಸವಾನಂತರದ ತೀವ್ರ ಮನೋವ್ಯಾಧಿ ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸಿಕೊಳ್ಳುತ್ತದೆ. ಬಹುತೇಕ ಹೆರಿಗೆಯಾದ ಮೊದಲ ಎರಡು ವಾರಗಳಲ್ಲಿಯೇ ಆರಂಭವಾಗುತ್ತದೆ. ದೇಹದ ರಾಸಾಯನಿಕಗಳ ಏರುಪೇರು, ನಿದ್ರಾಹೀನತೆ, ವಂಶವಾಹಿ ಪ್ರವೃತ್ತಿ ಇವೆಲ್ಲ ಅದಕ್ಕೆ ಕಾರಣವೆಂದು ಇಂದು ತಿಳಿದಿದೆ. ಸಕಾಲದ ಚಿಕಿತ್ಸೆಯಿಂದ ಬಹುಪಾಲು ತಾಯಂದಿರು ಗುಣಮುಖರಾಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿಯನ್ನೂ ಕೂಸನ್ನೂ ಅಗಲಿಸದೆ ಒಟ್ಟಿಗೇ ಇರಿಸಿ ಉಪಚರಿಸುವ ವಿಭಾಗ 2009ರಿಂದ ನಡೆದುಬಂದಿದೆ. ಈ ದೃಷ್ಟಿಯಿಂದ ನೋಡುವವರು ಚಿತ್ರವು ಕಾವೇರಿಯ ವ್ಯಾಧಿಗೆ ಹಳೆಯ ಪಾಪಪ್ರಜ್ಞೆಯನ್ನು ಗಂಟುಹಾಕಿದ್ದನ್ನು ಆಕ್ಷೇಪಿಸುತ್ತಾರೆ. ಅದು ನ್ಯಾಯವಾದ ಆಕ್ಷೇಪಣೆ. ಹುಣ್ಣಿಗೆ ಶೀಲದ ಕಾರಣವನ್ನು ಯಾರೂ ಹುಡುಕುವುದಿಲ್ಲ, ಮನಸ್ಸಿನ ರೋಗಕ್ಕೆ ಮಾತ್ರ ಹುಡುಕುತ್ತಾರೆ.

ಎಲ್ಲರೂ ಬಿಟ್ಟ ಪುಟ

ಒಂದೊಂದು ಅಭಿಪ್ರಾಯವೂ ಒಂದೊಂದು ನಯ. ಒಂದು ಕೋನದಿಂದ ಕಂಡ ಸತ್ಯ. ತಾನು ಕಂಡದ್ದೇ ಪೂರ್ಣವೆಂದು ಹಟಹಿಡಿದಾಗ ನಯವು ದುರ್ನಯವಾಗುತ್ತದೆ ಎಂಬುದು ಈ ಪತ್ರಿಕೆಯ ವಾಚಕರಿಗೆ ಹೊಸ ಮಾತಲ್ಲ. ನಾನು ಹೇಳಬೇಕೆಂದಿರುವುದು ಬೇರೆ. ಈ ನಾಲ್ಕು ನಯಗಳೂ ಮುಖ್ಯವಾಗಿ ವಿಚಾರಿಸುವುದು ಒಂದೇ ಪ್ರಶ್ನೆಯನ್ನು: ಕಾವೇರಿಗೆ ಬುದ್ಧಿಭ್ರಮಣೆ ಏಕೆ ಆಯಿತು? ಕರ್ಮದಿಂದಲೆ, ಕಥೆಗಾರನ ಅಗತ್ಯದಿಂದಲೆ, ಪುರುಷಪ್ರಧಾನ ವ್ಯವಸ್ಥೆಯಿಂದಲೆ, ದೇಹಧರ್ಮದಿಂದಲೆ?

ಚಿತ್ರ ಕೇಳುವ ಪ್ರಶ್ನೆ ಅದಲ್ಲ. ಮೊದಲ ಸಲದ ಕಾಯಿಲೆ ಗುಣವಾಗುತ್ತದೆ. ವೈದ್ಯರು ಗೆಲ್ಲುತ್ತಾರೆ. ಕಥೆ ಅಲ್ಲಿಯೇ ಮುಗಿಯಬಹುದಿತ್ತು, ಮುಗಿಯುವುದಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆಯೇ ನಿಜವಾದ ಕಥೆ ಆರಂಭವಾಗುತ್ತದೆ. ಆದುದರಿಂದ ಚಿತ್ರದ ಪ್ರಶ್ನೆ ಹೀಗಿದೆ: ಗುಣವಾಗಿ ಬಂದವಳನ್ನು ಗುಣವಾಗಿಯೇ ಇರಲು ಏಕೆ ಬಿಡಲಿಲ್ಲ? ರೋಗದ ಕಾರಣ ದೇಹದಲ್ಲಿರಬಹುದು, ದೈವದಲ್ಲಿರಬಹುದು. ಈ ಎರಡನೆಯ ಪ್ರಶ್ನೆಯ ಉತ್ತರ ಮಾತ್ರ ಮನುಷ್ಯರ ಕೈಯಲ್ಲಿದೆ. ಅದು ದೊಡ್ಡ ಕ್ರೌರ್ಯಗಳಲ್ಲಿಲ್ಲ. ಮಾತಿನ ನಡುವೆ ತಡೆದ ಒಂದು ಕ್ಷಣದಲ್ಲಿ, ದೂರ ಸರಿದ ಒಂದು ಹೆಜ್ಜೆಯಲ್ಲಿ, ಪಕ್ಕದವರ ಕಡೆಗೆ ಹರಿದ ಒಂದು ನೋಟದಲ್ಲಿ ಇದೆ. ‘ಶರಪಂಜರ’ ಎಂಬ ಹೆಸರಿನ ಔಚಿತ್ಯವೂ ಅಲ್ಲಿಯೇ. ಪಂಜರಕ್ಕೆ ಒಂದು ಬಾಣ ಸಾಲದು. ಹಲವರು ಒಂದೊಂದನ್ನು ನೆಟ್ಟರೆ ಪಂಜರವಾಗುತ್ತದೆ, ಪ್ರತಿಯೊಬ್ಬನೂ ‘ನಾನು ನೆಟ್ಟದ್ದು ಒಂದೇ’ ಎಂದು ಹೇಳಿಕೊಳ್ಳಬಹುದು.

ಸತೀಶನ ಖಾತೆ

ಈಗ ಪತಿಯ ವಿಷಯ. ಸತೀಶನು ದುಷ್ಟನಲ್ಲ, ದುರ್ಬಲ ಎಂದು ಕೆಲವರು ವಾದಿಸುತ್ತಾರೆ. ಆತ ಹೆಂಡತಿಯ ಮೇಲೆ ಕೈಯೆತ್ತಲಿಲ್ಲ, ಬೀದಿಗೆ ದೂಡಲಿಲ್ಲ, ಚಿಕಿತ್ಸೆ ಕೊಡಿಸಿದ, ಮನೆಗೂ ಕರೆತಂದ. ಇನ್ನೇನು ಮಾಡಬೇಕಿತ್ತು ಎಂದು ಕೇಳುತ್ತಾರೆ.

ಲೆಕ್ಕದ ಪುಸ್ತಕವನ್ನು ತೆರೆದು ನೋಡೋಣ. ಕಾವೇರಿಯ ದೋಷವೆಂದು ಹೇಳುವ ಸಂಗತಿ ವಿವಾಹಕ್ಕೆ ಮುಂಚಿನದು. ಅದು ಸತೀಶನಿಗೆ ಕೊಟ್ಟ ಮಾತನ್ನು ಮುರಿದದ್ದಲ್ಲ, ಏಕೆಂದರೆ ಆಗ ಮಾತು ಕೊಟ್ಟೇ ಇರಲಿಲ್ಲ. ಸತೀಶನ ದೋಷ ವಿವಾಹಾನಂತರದ್ದು, ಅಗ್ನಿಸಾಕ್ಷಿಯ ಮಾತನ್ನು ಮುರಿದದ್ದು. ಮೊದಲನೆಯದು ಹಳೆಯ ಬಾಕಿಯಾಗಿ ಪುಟದಿಂದ ಪುಟಕ್ಕೆ ಮುಂದೆ ಬರುತ್ತಲೇ ಇರುತ್ತದೆ. ಎರಡನೆಯದು ಪುಸ್ತಕದಲ್ಲಿ ದಾಖಲೆಯೇ ಆಗುವುದಿಲ್ಲ. ಅಂಗಡಿಯಲ್ಲಿ ಹೀಗೆ ಲೆಕ್ಕ ಬರೆದವನನ್ನು ನಾವು ಕಳ್ಳನೆನ್ನುತ್ತೇವೆ. ಸಂಸಾರದಲ್ಲಿ ಬರೆದವನನ್ನು ದುರ್ಬಲನೆನ್ನುತ್ತೇವೆ. ಗೃಹಸ್ಥನ ಅಣುವ್ರತಗಳಲ್ಲಿ ನಾಲ್ಕನೆಯದಾದ ಸ್ವದಾರಸಂತೋಷವು ಹೆಸರಿನಿಂದಲೇ ಪುರುಷನನ್ನು ಉದ್ದೇಶಿಸಿ ಹೇಳಿದ್ದು. ಹೆಂಡತಿ ಆರೋಗ್ಯವಂತಳಾಗಿದ್ದರೆ ಮಾತ್ರ ಎಂಬ ಷರತ್ತು ಅದರಲ್ಲಿ ಇಲ್ಲ.

ಅಂದಿನ ಕಾನೂನು ಕೂಡ ಸತೀಶನ ಪಕ್ಷಕ್ಕೇ ವಾಲಿತ್ತು ಎಂಬುದನ್ನು ಇಂದಿನ ತರುಣರು ಬಲ್ಲರೋ ಇಲ್ಲವೋ. ಜೈನರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯಿದೆಯಲ್ಲಿ, 1976ರ ತಿದ್ದುಪಡಿಗೆ ಮುಂಚೆ, ವಿಚ್ಛೇದನಕ್ಕೆ ಒಂದು ಸಲದ ಪರಸಂಗ ಸಾಲುತ್ತಿರಲಿಲ್ಲ. ಪತಿ ಅಥವಾ ಪತ್ನಿ ವ್ಯಭಿಚಾರದಲ್ಲಿಯೇ ಬಾಳುತ್ತಿರುವುದನ್ನು ತೋರಿಸಬೇಕಾಗಿತ್ತು. ಒಂದು ಸಲದ ತಪ್ಪಿಗೆ ದೊರಕುತ್ತಿದ್ದುದು ನ್ಯಾಯಿಕ ಪ್ರತ್ಯೇಕ ವಾಸ ಮಾತ್ರ. ದಂಡಸಂಹಿತೆಯ 497ನೆಯ ಕಲಮಿನಲ್ಲಿ ಪತಿಯು ಅವಿವಾಹಿತೆಯೊಡನೆ ಇಟ್ಟುಕೊಂಡ ಸಂಬಂಧ ಅಪರಾಧವೇ ಅಲ್ಲ. ಪರರ ಹೆಂಡತಿಯೊಡನೆ ಇಟ್ಟುಕೊಂಡರೆ ನೊಂದವನು ಆ ಇನ್ನೊಬ್ಬ ಗಂಡ. ತನ್ನ ಸ್ವಂತ ಹೆಂಡತಿಗೆ ದೂರು ಕೊಡುವ ಹಕ್ಕೂ ಇರಲಿಲ್ಲ. ಸರ್ವೋಚ್ಚ ನ್ಯಾಯಾಲಯವು ಆ ಕಲಮನ್ನು ರದ್ದುಗೊಳಿಸಿದ್ದು 2018ರಲ್ಲಿ. ಚಿತ್ರ ಬಂದ 1971ರಲ್ಲಿ ಕಾವೇರಿ ವಕೀಲರ ಬಳಿಗೆ ಹೋಗಿದ್ದರೂ ಆಕೆಯ ಮಾತಿಗೆ ಆಧಾರ ಸಿಗುವುದು ಕಷ್ಟವಿತ್ತು. ಅದಕ್ಕೂ ಮುಂಚೆ ಆಕೆಯನ್ನು ಕೇಳುತ್ತಿದ್ದ ಪ್ರಶ್ನೆ ಬೇರೆ: ನೀನು ಆಸ್ಪತ್ರೆಯಲ್ಲಿ ಇದ್ದವಳಲ್ಲವೆ?

‘ಆತ ಕೈಯೆತ್ತಲಿಲ್ಲ’ ಎಂಬ ವಾದಕ್ಕೆ ಎಂಟುನೂರು ವರ್ಷಗಳ ಹಿಂದೆಯೇ ಕನ್ನಡದಲ್ಲಿ ಉತ್ತರ ಬಂದಿದೆ. 1209ರಲ್ಲಿ ಜನ್ನನು ಪೂರೈಸಿದ ಕಾವ್ಯದಲ್ಲಿ ಯಶೋಧರ ರಾಜನು ಪರಪುರುಷನ ಬಳಿಗೆ ಹೋದ ಪತ್ನಿಯ ಮೇಲೆ ಕತ್ತಿಯೆತ್ತಿ, ತನ್ನನ್ನು ತಾನೇ ತಡೆದುಕೊಳ್ಳುತ್ತಾನೆ. ಅದು ಸಂಯಮವೇ. ಆದರೆ ಮನಸ್ಸಿನ ಕದಡನ್ನು ತಾಯಿಯ ಮುಂದೆ ಕನಸಿನ ನೆವದಲ್ಲಿ ಮುಚ್ಚಿಟ್ಟು, ಆಕೆಯ ಮಾತಿಗೆ ಒಪ್ಪಿ ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಕತ್ತಿ ತಾಗಿದ್ದು ಹಿಟ್ಟಿಗೆ. ಆದರೂ ಕೂಗು ಎದ್ದಿತು. ಜನ್ಮಜನ್ಮಾಂತರದ ಸಂಕಟಕ್ಕೆ ಆ ಸಂಕಲ್ಪಹಿಂಸೆಯೇ ಕಾರಣವಾಯಿತು. ಗಿರೀಶ ಕಾರ್ನಾಡರು ಇದೇ ಕಥೆಯನ್ನು ‘ಹಿಟ್ಟಿನ ಹುಂಜ’ ನಾಟಕವಾಗಿಸಿ, ರಕ್ತವಿಲ್ಲದ ಹಿಂಸೆಯ ಪ್ರಶ್ನೆಯನ್ನು ನಮ್ಮ ಕಾಲಕ್ಕೆ ತಂದರು. ಅಲ್ಲಿ ತಪ್ಪಿದವಳು ಪತ್ನಿ, ಇಲ್ಲಿ ತಪ್ಪಿದವನು ಪತಿ. ಆದರೆ ಕೈ ಸ್ವಚ್ಛವಾಗಿದ್ದ ಮಾತ್ರಕ್ಕೆ ಹಿಂಸೆ ನಡೆದಿಲ್ಲವೆನ್ನಲಾಗದು ಎಂಬ ವಿಷಯದಲ್ಲಿ ಎರಡೂ ಒಂದೇ. ಸತೀಶನ ಮೌನ, ಔದಾಸೀನ್ಯ, ಹೆಂಡತಿ ಬದುಕಿದ್ದಾಗಲೇ ಅವಳನ್ನು ಲೆಕ್ಕದಿಂದ ತೆಗೆದುಹಾಕಿದ ಸಂಕಲ್ಪ, ಇವು ಹಿಟ್ಟಿನ ಕೋಳಿಗೆ ಹಾಕಿದ ಕತ್ತಿಗಳೇ. ಚಿತ್ರದ ಕೊನೆಯಲ್ಲಿ ಕಾವೇರಿ ಕೂಗಿಕೊಂಡಾಗ ಅದನ್ನು ಅತಿಭಾವುಕತೆ ಎಂದ ವಿಮರ್ಶಕರು ಆ ಕೂಗು ಎಲ್ಲಿಂದ ಬಂತೆಂದು ವಿಚಾರಿಸಬೇಕಾಗಿತ್ತು.

ನನ್ನ ಖಾತೆ

ಇಲ್ಲಿಗೆ ಲೇಖನವನ್ನು ಮುಗಿಸಿದರೆ ನಾನೂ ಸತೀಶನನ್ನು ತೋರಿಸಿ ತಪ್ಪಿಸಿಕೊಂಡಂತಾಗುತ್ತದೆ. ಆದುದರಿಂದ ಸ್ವಂತದ ಒಂದು ಸಂಗತಿಯನ್ನು ಹೇಳಿಕೊಳ್ಳಬೇಕಾಗಿದೆ.

ಬಂಗೂರನಗರ ದಾಂಡೇಲಿಯ ಕಾಗದ ಕಾರ್ಖಾನೆಯಿಂದ ಹುಟ್ಟಿದ ವಸತಿ. ಕಾಳೀನದಿಯ ದಂಡೆಯ ಈ ಕಾಡಿನ ಊರಿನಲ್ಲಿ 1950ರ ದಶಕದಲ್ಲಿ ಕಾರ್ಖಾನೆ ಬಂದಿತು, ನಾಡಿನ ಮೂಲೆಮೂಲೆಗಳಿಂದ ಜನ ಕೆಲಸಕ್ಕೆ ಬಂದರು. ಸಾಲು ಮನೆಗಳಲ್ಲಿ ಒಬ್ಬರ ಮನೆಯ ಒಗ್ಗರಣೆ ಇನ್ನೊಬ್ಬರ ಮನೆಗೆ ತಿಳಿಯುತ್ತದೆ, ಜಗಳವೂ ತಿಳಿಯುತ್ತದೆ. ನಮ್ಮ ಕಡೆಯಲ್ಲಿ ‘ಧಾರವಾಡಕ್ಕ ಕಳಸಬೇಕು’ ಎಂದರೆ ಕಾಲೇಜಿಗೆ ಕಳಿಸಬೇಕೆಂದು ಯಾರೂ ತಿಳಿಯುವುದಿಲ್ಲ. ಅಲ್ಲಿ ಮಾನಸಿಕ ರೋಗಿಗಳ ಹಳೆಯ ಆಸ್ಪತ್ರೆಯಿದೆ. ಬೇಂದ್ರೆಯವರ ಊರಿನ ಹೆಸರು ನಮ್ಮ ಬಾಯಲ್ಲಿ ಬೈಗುಳವಾದದ್ದು ಹೀಗೆ.

ನಾನು ಬಿ.ಕಾಂ. ಓದುತ್ತಿದ್ದಾಗ ‘ಶರಪಂಜರ’ವನ್ನು ಎರಡನೆಯ ಸಲ ನೋಡಿದೆ. ಈ ಸಲ ನಾನೂ ಅತ್ತೆ. ಮುಂದೆ ಕೆಲವು ವರ್ಷಗಳಿಗೆ ತಂದೆಯವರ ಅಂಗಡಿಯ ಗಲ್ಲೆಯ ಮೇಲೆ ಕುಳಿತೆ. ಕಾರ್ಖಾನೆಯ ನೌಕರರೊಬ್ಬರ ಪತ್ನಿ ತಿಂಗಳ ಸಾಮಾನನ್ನು ನಮ್ಮಲ್ಲಿಯೇ ಒಯ್ಯುತ್ತಿದ್ದರು. ಹೆರಿಗೆಯ ನಂತರ ಆಕೆಗೆ ಮನಸ್ಸಿನ ಕಾಯಿಲೆಯಾಯಿತು. ಚಿಕಿತ್ಸೆ ಪಡೆದು ಕೆಲವು ತಿಂಗಳ ಮೇಲೆ ಮರಳಿದರು. ಒಂದು ಸಂಜೆ ಎಂಟು ವರ್ಷದ ಮಗನೊಡನೆ ಚೀಟಿ ಹಿಡಿದು ಅಂಗಡಿಗೆ ಬಂದರು. ಚೀಟಿ ಸರಿಯಾಗಿತ್ತು, ಅಕ್ಷರ ಮೊದಲಿನಂತೆಯೇ ದುಂಡಗಿತ್ತು. ಸಾಮಾನು ಕಟ್ಟಿಸಿಕೊಟ್ಟೆ. ಆಕೆ ನೂರರ ನೋಟು ಕೊಟ್ಟರು. ಉಳಿದ ಚಿಲ್ಲರೆಯನ್ನು ನಾನು ಆಕೆಯ ಮುಂದಕ್ಕೆ ಚಾಚಿದ ಕೈಗೆ ಕೊಡಲಿಲ್ಲ. ಬಗ್ಗಿ ಹುಡುಗನ ಕೈಗೆ ಕೊಟ್ಟು, “ಎಣಿಸಿಕೊಳ್ಳಪಾ” ಎಂದೆ.

ಆಕೆ ಅರೆಕ್ಷಣ ನಿಂತರು. “ಅಣ್ಣಾರ, ರೊಕ್ಕ ನನ್ನ ಕೈಯಾಗ ಕೊಡ್ರಿ. ನಾ ಈಗ ಆರಾಮ ಅದೀನ್ರಿ” ಎಂದರು. ದನಿ ಏರಿರಲಿಲ್ಲ. ನಾನು ನಕ್ಕು ಏನೋ ಒಂದು ಹೇಳಿದೆ. ಮುಂದಿನ ತಿಂಗಳಿಂದ ಚೀಟಿಯನ್ನು ಹುಡುಗನೊಬ್ಬನೇ ತರತೊಡಗಿದ. ಆಕೆ ಮತ್ತೆ ನನ್ನ ಅಂಗಡಿಯ ಮೆಟ್ಟಿಲು ಏರಲಿಲ್ಲ. ಕೆಲ ವರ್ಷಗಳಲ್ಲಿ ಆ ಕುಟುಂಬ ಊರು ಬಿಟ್ಟಿತು.

ನಾನು ಆಕೆಗೆ ಕೆಟ್ಟದ್ದನ್ನು ಬಯಸಿದವನಲ್ಲ. ಚಿಲ್ಲರೆ ಕಳೆದುಹೋದೀತೆಂಬ ಎಚ್ಚರಿಕೆ ಎಂದು ಆಗ ಅಂದುಕೊಂಡಿದ್ದೆ. ಅದೇ ಸಂಜೆ ಆಕೆಯನ್ನು ಇನ್ನೂ ಎಷ್ಟು ಮಂದಿ ಎಚ್ಚರಿಕೆಯಿಂದ ಕಂಡಿದ್ದರೋ ತಿಳಿಯದು. ಎರಡು ಸಲ ಚಿತ್ರ ನೋಡಿದವನು, ಕಾವೇರಿಗಾಗಿ ಅತ್ತವನು, ಕಾವೇರಿಯೇ ಎದುರಿಗೆ ಬಂದು ಕೈ ಚಾಚಿದಾಗ ಗುರುತಿಸಲಿಲ್ಲ. ಕಣ್ಣೀರು ಗಲ್ಲೆಯವರೆಗೆ ಬರಲಿಲ್ಲ. ಅಂದಿನಿಂದ ಈ ಚಿತ್ರದ ಯಾವ ವಿಮರ್ಶೆಯನ್ನು ಓದಿದರೂ ನಾನು ಮೊದಲು ಹುಡುಕುವುದು ಇದನ್ನೇ: ವಿಮರ್ಶಕನು ತನ್ನನ್ನು ಎಲ್ಲಿ ನಿಲ್ಲಿಸಿಕೊಂಡಿದ್ದಾನೆ? ಪಂಜರದ ಒಳಗಿರುವವಳ ಪಕ್ಕದಲ್ಲಿಯೋ, ಹೊರಗೆ ನೋಡುವವರ ಸಾಲಿನಲ್ಲಿಯೋ, ಬಾಣ ಹಿಡಿದವರ ನಡುವೆಯೋ?

ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಸಮ್ಯಗ್ದರ್ಶನದ ಎಂಟು ಅಂಗಗಳನ್ನು ವಿವರಿಸುತ್ತದೆ. ಅವುಗಳಲ್ಲಿ ಎರಡು ಉಪಗೂಹನ ಮತ್ತು ಸ್ಥಿತಿಕರಣ. ಪರರ ದೋಷವನ್ನು ಬೀದಿಗೆ ಎಳೆಯದೆ ಮುಚ್ಚುವುದು ಉಪಗೂಹನ, ಜಾರುತ್ತಿರುವವರನ್ನು ಕೈಹಿಡಿದು ಮರಳಿ ನೆಲೆಗೊಳಿಸುವುದು ಸ್ಥಿತಿಕರಣ. ಶಾಸ್ತ್ರಕಾರರು ಇವನ್ನು ಹೇಳಿದ್ದು ಧರ್ಮಮಾರ್ಗದಲ್ಲಿ ಎಡವಿದವರ ಸಂದರ್ಭದಲ್ಲಿ ಎಂಬುದನ್ನು ಬಲ್ಲೆ. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಹೆಣ್ಣುಮಗಳಿಗೆ ಬೇಕಾದದ್ದು ಅಕ್ಷರಶಃ ಇವೆರಡೇ. ಇವುಗಳಲ್ಲಿ ಒಂದಕ್ಕೂ ಖರ್ಚಿಲ್ಲ. ಕಾವೇರಿಯ ಸುತ್ತಲಿನವರು ಇವುಗಳ ವಿರುದ್ಧ ದಿಕ್ಕಿನಲ್ಲಿ ನಡೆದರು: ಮುಚ್ಚಬೇಕಾದದ್ದನ್ನು ಬಿಚ್ಚಿದರು, ನಿಲ್ಲಿಸಬೇಕಾದವಳನ್ನು ತಳ್ಳಿದರು. ಉಪಗೂಹನವೆಂದರೆ ಸತೀಶನಂಥವನ ನಡತೆಯನ್ನು ಮರೆಮಾಚುವುದು ಎಂದು ಯಾರೂ ಅರ್ಥಮಾಡಬಾರದು. ನೋಯಿಸುತ್ತಿರುವವನ ದೋಷವನ್ನು ಮುಚ್ಚಿದರೆ ಹಿಂಸೆಗೆ ಹೊದಿಕೆ ಹಾಕಿದಂತೆ. ಮುಚ್ಚಬೇಕಾದದ್ದು ನೊಂದವರ ಗಾಯವನ್ನು.

‘ಶರಪಂಜರ’ ದೋಷರಹಿತ ಚಿತ್ರವಲ್ಲ. ಕಲಾವಿಮರ್ಶಕರು ಹೇಳಿದ ಅತಿಯೂ ವ್ಯಾಧಿಗೆ ಶೀಲವನ್ನು ಗಂಟುಹಾಕಿದ ತಪ್ಪೂ ಅದರಲ್ಲಿ ಉಂಟು. ಆದರೆ ಮರಳಿ ಬಂದವಳ ಮನೆಯನ್ನು ಕ್ಷಣಕ್ಷಣವಾಗಿ ತೋರಿಸಿದ ಆ ದ್ವಿತೀಯಾರ್ಧಕ್ಕೆ ಸಾಟಿಯಾದುದನ್ನು ಕನ್ನಡದಲ್ಲಿ ನಾನು ಕಂಡಿಲ್ಲ. ಅದು ಸುಖಾಂತವಾಗಬೇಕಿತ್ತು ಎನ್ನುವವರಿಗೆ ನಾನು ಹೇಳುವುದು ಇಷ್ಟು: ಸುಖಾಂತವನ್ನು ಬರೆಯುವ ಕೆಲಸವನ್ನು ತ್ರಿವೇಣಿಯವರೂ ಪುಟ್ಟಣ್ಣನವರೂ ನಮಗೆ ಬಿಟ್ಟುಹೋಗಿದ್ದಾರೆ. ಕಾಯಿಲೆಯಿಂದ ಗುಣವಾಗಿ ಬಂದವರು ನಮ್ಮ ಮನೆಗಳಲ್ಲಿ, ನಮ್ಮ ಬಸದಿಗಳಲ್ಲಿ, ನಮ್ಮ ಅಂಗಡಿಗಳ ಮುಂದೆ ಇಂದಿಗೂ ಇದ್ದಾರೆ.

ಪ್ರತಿವರ್ಷ ದಶಲಕ್ಷಣ ಪರ್ವ ಮುಗಿದ ಮೇಲೆ ನಾವು ಕ್ಷಮಾವಣಿಯ ದಿನ ಕಂಡಕಂಡವರಲ್ಲಿ ಕ್ಷಮೆ ಬೇಡುತ್ತೇವೆ, ದೂರದವರಿಗೆ ಪತ್ರ ಬರೆಯುತ್ತೇವೆ. ನಾನೂ ನೂರಾರು ಪತ್ರ ಬರೆದಿದ್ದೇನೆ, ಅವುಗಳಲ್ಲಿ ಬಹುಪಾಲು ನಾನು ಎಂದೂ ನೋಯಿಸದ ವ್ಯಾಪಾರಿ ಮಿತ್ರರಿಗೆ. ಬರೆಯಬೇಕಾಗಿದ್ದ ಒಂದು ಪತ್ರವನ್ನು ಬರೆಯಲಿಲ್ಲ, ಈಗ ವಿಳಾಸವೂ ಇಲ್ಲ. ಆ ಬಾಕಿ ನನ್ನ ಪುಸ್ತಕದಲ್ಲಿ ಹಾಗೆಯೇ ನಿಂತಿದೆ. ವಾಚಕರಲ್ಲಿ ಯಾರಿಗಾದರೂ ಇಂಥ ಬಾಕಿಯಿದ್ದು, ವಿಳಾಸ ಇನ್ನೂ ತಿಳಿದಿದ್ದರೆ, ಮುಂದಿನ ಪರ್ವದವರೆಗೆ ಕಾಯದಿರಲಿ ಎಂದು ಅರಿಕೆ ಮಾಡಿಕೊಂಡು ಈ ಲೇಖನವನ್ನು ಮುಗಿಸುತ್ತೇನೆ.